ಸೋತ ಮರುವರ್ಷ ಕಪ್ ಗ್ಯಾರಂಟಿಯಾ? ಬಿಎಫ್‌ಸಿಯ ಹನ್ನೆರಡು ವರ್ಷದ ಲೆಕ್ಕ

2025ರ ಏಪ್ರಿಲ್ 12, ಶನಿವಾರ ರಾತ್ರಿ. ಕೊಡಗಿನ ನಮ್ಮ ಊರಿನ ಚಹಾ ಅಂಗಡಿಯಲ್ಲಿ ಹತ್ತು ಹದಿನೈದು ಜನ ಒಂದೇ ಫೋನಿಗೆ ಮುಖ ಕೊಟ್ಟು ನಿಂತಿದ್ದರು. ಕೋಲ್ಕತ್ತಾದ ಸಾಲ್ಟ್ ಲೇಕ್ ಮೈದಾನದಲ್ಲಿ ಐಎಸ್‌ಎಲ್ ಫೈನಲ್ ನಡೆಯುತ್ತಿತ್ತು. ಬೆಂಗಳೂರು ಎಫ್‌ಸಿ ಎದುರು ಮೋಹನ್ ಬಗಾನ್.

49ನೇ ನಿಮಿಷದಲ್ಲಿ ಬಗಾನ್ ಆಟಗಾರನ ಕಾಲಿಗೇ ತಾಗಿ ಚೆಂಡು ಅವರದೇ ಗೋಲಿನೊಳಗೆ ಹೋಯಿತು. ಅಂಗಡಿಯಲ್ಲಿ ಕೂಗಾಟ. 72ನೇ ನಿಮಿಷದಲ್ಲಿ ಜೇಸನ್ ಕಮಿಂಗ್ಸ್ ಪೆನಾಲ್ಟಿ ಹೊಡೆದು ಸಮ ಮಾಡಿದ. ಹೆಚ್ಚುವರಿ ಸಮಯದ 96ನೇ ನಿಮಿಷದಲ್ಲಿ ಜೇಮಿ ಮ್ಯಾಕ್ಲಾರೆನ್ ಎರಡನೇ ಗೋಲು ಹೊಡೆದ. 2-1. ಕಪ್ ಕೋಲ್ಕತ್ತಾದಲ್ಲೇ ಉಳಿಯಿತು.

ಫೋನಿನ ಚಾರ್ಜು ಮುಗಿದರೂ ವಾದ ಮುಗಿಯಲಿಲ್ಲ. ಒಬ್ಬ ಹೇಳಿದ್ದು, ನಮ್ಮವರು ಸೋತ ಮರುವರ್ಷ ಗೆಲ್ಲುವುದೇ ಪದ್ಧತಿ, ಮುಂದಿನ ಸಲ ಕಪ್ ನಮ್ದೇ. ಇನ್ನೊಬ್ಬನ ಪ್ರಕಾರ ಚೆಟ್ರಿಗೆ ನಲವತ್ತು ದಾಟಿದೆ, ಅವನ ಹೆಗಲ ಮೇಲೆ ಎಷ್ಟು ದಿನ ಅಂತ ತಂಡ ಕಟ್ಟುತ್ತೀರಿ. ಮೂಲೆಯಲ್ಲಿದ್ದ ಕೇರಳ ಬ್ಲಾಸ್ಟರ್ಸ್ ಅಭಿಮಾನಿಗಳು ಮಾತಾಡದೆ ನಗುತ್ತಿದ್ದರು. ನಮ್ಮ ಗಡಿ ಭಾಗದಲ್ಲಿ ಆ ನಗುವೂ ಆಟದ ಒಂದು ಭಾಗವೇ.

ನನ್ನ ತಲೆಯಲ್ಲಿ ಉಳಿದದ್ದು ಮೊದಲನೆಯವನ ಮಾತು. ಸೋತ ಮರುವರ್ಷ ಗೆಲ್ಲುತ್ತಾರೆ ಎಂಬುದು ನಿಜವೇ? ಹುಸಿ ಸಮಾಧಾನವೇ? ದಾಖಲೆ ಇಟ್ಟುಕೊಂಡು ನೋಡೋಣ ಅನ್ನಿಸಿತು.

ಬಿಎಫ್‌ಸಿಗಿಂತ ಹಿಂದೆ

ಬೆಂಗಳೂರಿನ ಫುಟ್ಬಾಲ್ 2013ರಲ್ಲಿ ಹುಟ್ಟಿದ್ದಲ್ಲ. ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರು ಆಡುತ್ತಿದ್ದ ಆಟವನ್ನು ಸುತ್ತಲಿನ ಬಡ ಬಡಾವಣೆಗಳ ಹುಡುಗರು ಕಲಿತರು. ಆಸ್ಟಿನ್ ಟೌನ್, ಗೌತಮಪುರದಂಥ ಕೇರಿಗಳಲ್ಲಿ ಇವತ್ತಿಗೂ ಕ್ರಿಕೆಟ್ ಬ್ಯಾಟಿಗಿಂತ ಚೆಂಡಿಗೇ ಮರ್ಯಾದೆ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈನ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಆ ಕಪ್ಪು ಸೈನ್ಯದ ತಂಡಗಳ ಪಾಲಾಗುತ್ತಿತ್ತು.

ರಾಜ್ಯ ತಂಡಗಳ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿದೆ: 1946-47, 1952-53, 1967-68, 1968-69. ಆಮೇಲೆ ನಿಂತುಹೋಯಿತು. 1975-76ರಲ್ಲಿ ಫೈನಲ್ ತಲುಪಿ ಸೋತರು. ಮತ್ತೆ ಫೈನಲ್ ನೋಡಲು 47 ವರ್ಷ, ಗೆಲ್ಲಲು 54 ವರ್ಷ ಕಾಯಬೇಕಾಯಿತು.

ಈ ನಡುವಿನ ಕಾಲದಲ್ಲಿ ಆಟ ಉಳಿಸಿದ್ದು ಐಟಿಐ, ಎಚ್‌ಎಎಲ್‌ನಂಥ ಸರ್ಕಾರಿ ಕಾರ್ಖಾನೆಗಳ ತಂಡಗಳು. ಚೆನ್ನಾಗಿ ಆಡುವ ಹುಡುಗನಿಗೆ ಕೆಲಸ ಸಿಗುತ್ತಿತ್ತು, ಮನೆ ನಡೆಯುತ್ತಿತ್ತು. ಕಾರ್ಖಾನೆಗಳಲ್ಲಿ ಆಟಗಾರರಿಗೆ ಕೊಡುವ ಕೆಲಸ ಕಡಿಮೆಯಾದಂತೆ ಆ ದಾರಿಯೂ ಕಿರಿದಾಯಿತು. ಬಿಎಫ್‌ಸಿ ಬರುವ ಹೊತ್ತಿಗೆ ಬೆಂಗಳೂರಿನವರಿಗೆ ಹಳೆಯ ಕಥೆ ಇತ್ತು, ಕೂಗಲು ತಂಡ ಇರಲಿಲ್ಲ.

ಮೊದಲ ವರ್ಷವೇ ಕಪ್

2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ತಂಡ ಕಟ್ಟಿತು. ಐ-ಲೀಗ್‌ಗೆ ನೇರ ಪ್ರವೇಶ ಸಿಕ್ಕಿತು. ಕೋಚ್ ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್, ನಾಯಕ ಸುನಿಲ್ ಚೆಟ್ರಿ. ಅಶೋಕನಗರದ ಹಳೆಯ ಫುಟ್ಬಾಲ್ ಮೈದಾನದಲ್ಲಿ ಆಟ. ಒಂದು ಕಡೆಯ ಗ್ಯಾಲರಿಯಲ್ಲಿ ನಿಂತು ಹಾಡುತ್ತಿದ್ದ ಹುಡುಗರು ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಹೆಸರು ಮಾಡಿದರು.

ಯಾರೂ ನಿರೀಕ್ಷಿಸಿರಲಿಲ್ಲ. 2014ರ ಏಪ್ರಿಲ್‌ನಲ್ಲಿ ಗೋವಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಮೊದಲ ಪ್ರಯತ್ನದಲ್ಲೇ ಚಾಂಪಿಯನ್ ಆದರು. ಹೀಗೆ ಶುರುವಾದ ತಂಡದ ಅಭಿಮಾನಿಗೆ ಸೋಲು ಅಂದರೆ ಏನು ಅಂತ ತಿಳಿಯಲು ಒಂದು ವರ್ಷ ಬೇಕಾಯಿತು.

ಮೊದಲ ಪೆಟ್ಟು: 2015

2015ರ ಮೇ 31. ಕಂಠೀರವ ಕ್ರೀಡಾಂಗಣ. ಲೀಗಿನ ಕೊನೆಯ ಪಂದ್ಯ. ಎದುರಿಗೆ ಮತ್ತೆ ಮೋಹನ್ ಬಗಾನ್. ಬೆಂಗಳೂರು ಗೆದ್ದರೆ ಬೆಂಗಳೂರಿಗೆ ಪ್ರಶಸ್ತಿ, ಡ್ರಾ ಆದರೆ ಬಗಾನಿಗೆ. ಜಾನ್ ಜಾನ್ಸನ್ ಗೋಲಿನಿಂದ ಬೆಂಗಳೂರು ಮುಂದಿತ್ತು. 87ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ಬೆಲ್ಲೊ ರಜಾಕ್ ತಲೆ ಕೊಟ್ಟ. 1-1. ಮೂರ್ನಾಲ್ಕು ನಿಮಿಷ ತಡೆದುಕೊಂಡಿದ್ದರೆ ಸಾಕಿತ್ತು.

ಆಗ ತಂಡದವರು ಏನು ಮಾಡಿದರು? ಕೋಚನ್ನು ಕಳಿಸಲಿಲ್ಲ. ಚೆಟ್ರಿ, ಜಾನ್ಸನ್, ಯೂಜಿನ್ಸನ್ ಲಿಂಗ್ಡೊ ಉಳಿದರು. ಮರುವರ್ಷ, 2016ರ ಏಪ್ರಿಲ್ 17ರಂದು ಅದೇ ಕಂಠೀರವದಲ್ಲಿ ಸಾಲ್ಗಾಂವ್ಕರ್ ತಂಡವನ್ನು 2-0ಯಿಂದ ಸೋಲಿಸಿ ಎರಡನೇ ಐ-ಲೀಗ್ ಗೆದ್ದರು. ಚಹಾ ಅಂಗಡಿಯ ಹುಡುಗನ ಲೆಕ್ಕಕ್ಕೆ ಮೊದಲ ಸಾಕ್ಷಿ ಇದು.

ಎರಡನೆಯದು: ದೋಹಾ

2016ರ ನವೆಂಬರ್ 5ರಂದು ಬೆಂಗಳೂರು ಎಎಫ್‌ಸಿ ಕಪ್ ಫೈನಲ್ ಆಡಿತು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮುಂಚೆ ಅಲ್ಲಿಯವರೆಗೆ ಹೋಗಿರಲಿಲ್ಲ. ಇರಾಕಿನ ಏರ್ ಫೋರ್ಸ್ ಕ್ಲಬ್ ಒಂದೇ ಗೋಲಿನಿಂದ ಗೆದ್ದಿತು.

ಈ ಸಲ ಲೆಕ್ಕ ಅರ್ಧ ಮಾತ್ರ ಸರಿ ಬಂತು. ಮರುವರ್ಷ ಐ-ಲೀಗಿನಲ್ಲಿ ನಾಲ್ಕನೇ ಸ್ಥಾನ. ಪ್ರಶಸ್ತಿ ಹೋದದ್ದು ಮಿಜೋರಾಮಿನ ಪುಟ್ಟ ತಂಡ ಐಜ್ವಾಲ್‌ಗೆ. ಆದರೆ 2017ರ ಮೇನಲ್ಲಿ ಕಟಕ್‌ನಲ್ಲಿ ಮೋಹನ್ ಬಗಾನನ್ನು 2-0ಯಿಂದ ಸೋಲಿಸಿ ಫೆಡರೇಷನ್ ಕಪ್ ಗೆದ್ದರು. ಹೆಚ್ಚುವರಿ ಸಮಯದಲ್ಲಿ ಎರಡೂ ಗೋಲು ಸಿ.ಕೆ. ವಿನೀತ್‌ನದು. ಲೀಗ್ ಹೋಯಿತು, ಕಪ್ ಬಂತು.

ಮೂರನೆಯದು: ಮನೆಯಂಗಳದ ಸೋಲು

2017ರಲ್ಲಿ ತಂಡ ಐಎಸ್‌ಎಲ್‌ಗೆ ಬಂತು. ಕೋಚ್ ಸ್ಪೇನಿನ ಆಲ್ಬರ್ಟ್ ರೋಕಾ. 18 ಪಂದ್ಯಗಳಲ್ಲಿ 40 ಅಂಕ, ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ 8 ಅಂಕ ಮುಂದೆ. ಆದರೆ ಆಗ ಐಎಸ್‌ಎಲ್ ಪಟ್ಟ ಸಿಗುತ್ತಿದ್ದದ್ದು ಫೈನಲ್ ಗೆದ್ದವರಿಗೆ. 2018ರ ಮಾರ್ಚ್ 17ರಂದು ಕಂಠೀರವದಲ್ಲೇ ಫೈನಲ್. 9ನೇ ನಿಮಿಷಕ್ಕೇ ಚೆಟ್ರಿ ಗೋಲು. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ತಲೆಯಿಂದ ಎರಡು, ರಫೇಲ್ ಅಗಸ್ಟೊ ಒಂದು. ಕೊನೆಗೆ 3-2. ಇಡೀ ಲೀಗ್ ಆಳಿದವರು ತೊಂಬತ್ತು ನಿಮಿಷದಲ್ಲಿ ಕಪ್ ಕಳೆದುಕೊಂಡರು.

ರೋಕಾ ಹೋದರು. ಆದರೆ ಅವರ ಜಾಗಕ್ಕೆ ಹೊರಗಿನವರು ಬರಲಿಲ್ಲ. ಅವರ ಸಹಾಯಕ ಕಾರ್ಲೆಸ್ ಕ್ವಾಡ್ರಾತ್‌ಗೆ ಹೊಣೆ ಸಿಕ್ಕಿತು. ಚೆಟ್ರಿ, ಮಿಕು, ಗುರ್‌ಪ್ರೀತ್, ಹುವಾನನ್, ದಿಮಾಸ್, ಪಾರ್ಟಾಲು, ಭೆಕೆ, ಉದಾಂತ ಎಲ್ಲರೂ ಇದ್ದರು. 2019ರಲ್ಲಿ ಮತ್ತೆ ಅದೇ ಮಾರ್ಚ್ 17. ಮುಂಬೈನಲ್ಲಿ ಎಫ್‌ಸಿ ಗೋವಾ ಎದುರು 117ನೇ ನಿಮಿಷದಲ್ಲಿ ದಿಮಾಸ್ ತೆಗೆದ ಕಾರ್ನರ್‌ಗೆ ರಾಹುಲ್ ಭೆಕೆ ತಲೆ ಕೊಟ್ಟ. 1-0. ಹಿಂದಿನ ವರ್ಷ ತಲೆಯಿಂದ ಬಂದ ಗೋಲುಗಳಿಂದಲೇ ಸೋತವರು ಈ ವರ್ಷ ಹಾಗೆಯೇ ಗೆದ್ದರು. ಲೀಗ್ ಪಟ್ಟಿಯಲ್ಲಿ ಮೊದಲಿದ್ದ ತಂಡ ಐಎಸ್‌ಎಲ್ ಫೈನಲ್ ಗೆದ್ದದ್ದು ಅದೇ ಮೊದಲು.

ಸೋತ ಮರುವರ್ಷ ಗೆಲ್ಲುತ್ತೇವೆ ಎಂಬ ನಂಬಿಕೆ ಗಟ್ಟಿಯಾದದ್ದು ಈ ಎರಡು ಮಾರ್ಚ್ 17ರ ನಡುವೆ.

ನಾಲ್ಕನೆಯದು: ಲೆಕ್ಕ ತಪ್ಪಿದ ವರ್ಷ

ಆಮೇಲೆ ಇಳಿತ. 2020-21ರಲ್ಲಿ ಏಳನೇ ಸ್ಥಾನ, ಮಧ್ಯದಲ್ಲೇ ಕ್ವಾಡ್ರಾತ್ ಹೊರಟರು. ಮರುವರ್ಷ ಆರನೇ ಸ್ಥಾನ. 2022ರಲ್ಲಿ ಸೈಮನ್ ಗ್ರೇಸನ್ ಬಂದು ಡುರಾಂಡ್ ಕಪ್ ಗೆಲ್ಲಿಸಿದರು. ಲೀಗಿನಲ್ಲಿ ಆರಂಭ ಕೆಟ್ಟಿತ್ತು, ಕೊನೆಯಲ್ಲಿ ಸತತ 8 ಗೆಲುವು.

2023ರ ಮಾರ್ಚ್ ತಿಂಗಳು ಮರೆಯುವಂಥದ್ದಲ್ಲ. 3ನೇ ತಾರೀಕು ಕಂಠೀರವದಲ್ಲಿ ಚೆಟ್ರಿ ಚಕ್ಕನೆ ಹೊಡೆದ ಫ್ರೀ ಕಿಕ್ ಗೋಲಾಯಿತು, ಒಪ್ಪದ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ನಡೆಯಿತು. 4ನೇ ತಾರೀಕು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಬಳಿಕ ಸಂತೋಷ್ ಟ್ರೋಫಿ ತಂದಿತು. 18ನೇ ತಾರೀಕು ಗೋವಾದಲ್ಲಿ ಐಎಸ್‌ಎಲ್ ಫೈನಲ್. ಮೋಹನ್ ಬಗಾನ್ ಎದುರು 2-2, ಆಮೇಲೆ ಪೆನಾಲ್ಟಿಯಲ್ಲಿ 4-3ರ ಸೋಲು. ಮುಂದಿನ ತಿಂಗಳು ಸೂಪರ್ ಕಪ್ ಫೈನಲ್‌ನಲ್ಲೂ ಒಡಿಶಾ ಎದುರು ಸೋಲು.

ಮರುವರ್ಷ ಗೆಲ್ಲಬೇಕಿತ್ತು ತಾನೆ? 2023-24ರಲ್ಲಿ 22 ಪಂದ್ಯ, 22 ಅಂಕ, 12 ತಂಡಗಳಲ್ಲಿ 10ನೇ ಸ್ಥಾನ. ರಾಯ್ ಕೃಷ್ಣ ಒಡಿಶಾಕ್ಕೆ, ಸಂದೇಶ್ ಜಿಂಗನ್ ಗೋವಾಕ್ಕೆ ಹೋಗಿದ್ದರು. ಡಿಸೆಂಬರ್‌ನಲ್ಲಿ ಮುಂಬೈ ಎದುರು ಮನೆಯಂಗಳದಲ್ಲೇ 0-4. ಅದರ ಹಿಂದೆಯೇ ಗ್ರೇಸನ್ ನಿರ್ಗಮನ. ಲೀಗಿನ ಕೊನೆಯಲ್ಲಿ ಬಗಾನ್ ಎದುರು ಮತ್ತೊಂದು 0-4.

ಹಾಗಾದರೆ ಲೆಕ್ಕ ಏನು ಹೇಳುತ್ತದೆ?

ನಾಲ್ಕು ಸಲ ಕೊನೇ ಮೆಟ್ಟಿಲಲ್ಲಿ ಬಿದ್ದರು. ಎರಡು ಸಲ ಮರುವರ್ಷವೇ ಲೀಗಿನ ಪಟ್ಟ. ಒಂದು ಸಲ ಬೇರೆ ಕಪ್. ಒಂದು ಸಲ ಪಾತಾಳ. ಇದನ್ನು ಪದ್ಧತಿ ಅನ್ನಲು ಬರುವುದಿಲ್ಲ. ಆದರೆ ಗೆದ್ದ ಎರಡೂ ಸಲ ಒಂದು ಸಾಮ್ಯ ಕಾಣುತ್ತದೆ. 2015ರಲ್ಲೂ 2018ರಲ್ಲೂ ಸೋತ ತಂಡವನ್ನು ಒಡೆಯಲಿಲ್ಲ. ಸೋತವರಿಗೇ ಮತ್ತೊಂದು ಅವಕಾಶ ಕೊಟ್ಟರು. 2023ರಲ್ಲಿ ಕೋಚ್ ಉಳಿದರು, ಆದರೆ ತಂಡದ ಬೆನ್ನೆಲುಬಿನವರೇ ಕೆಲವರು ಹೊರಟರು.

ಫೈನಲ್ ಸೋತ ಆಟಗಾರ ಒಂದು ಪಾಠ ಹೊತ್ತುಕೊಂಡು ಬರುತ್ತಾನೆ. ಅವನನ್ನೇ ಕಳಿಸಿದರೆ ಪಾಠವೂ ಅವನ ಜೊತೆ ಹೋಗುತ್ತದೆ. ಗದ್ದೆಯಲ್ಲಿ ಒಂದು ಬೆಳೆ ಹೋಯಿತು ಅಂತ ಬದು ಒಡೆಯುವವರುಂಟೇ?

ಈ ಕಣ್ಣಿನಿಂದ ನೋಡಿದರೆ 2025ರ ಸೋಲು 2023ರಂತಲ್ಲ. ಗೆರಾರ್ಡ್ ಜರಗೋಜಾ 10ನೇ ಸ್ಥಾನದ ತಂಡವನ್ನು ಮತ್ತೆ ಕಟ್ಟಿದರು. ನೊಗೆರಾ, ಪೆರೇರಾ ಡಯಾಸ್, ಎಡ್ಗರ್ ಮೆಂಡೆಸ್ ಬಂದರು, ಭೆಕೆ ಮರಳಿದ. ಕ್ಲಬ್ಬಿನ ಅಕಾಡೆಮಿಯ ಹುಡುಗ ವಿನಿತ್ ವೆಂಕಟೇಶ್ ಮೊದಲ ಪಂದ್ಯದಲ್ಲೇ ಗೆಲುವಿನ ಗೋಲು ಹೊಡೆದ. ಸೆಪ್ಟೆಂಬರ್‌ನಲ್ಲಿ ಇದೇ ಬಗಾನನ್ನು 3-0ಯಿಂದ ಸೋಲಿಸಿದ್ದರು. ಪ್ಲೇಆಫ್‌ನಲ್ಲಿ ಮುಂಬೈಗೆ 5-0. ಸೆಮಿಫೈನಲ್‌ನಲ್ಲಿ ಗೋವಾ ಎದುರು ಕೊನೇ ಗಳಿಗೆಯಲ್ಲಿ ಚೆಟ್ರಿಯ ಹೆಡರ್. ಆ ಋತುವಿನಲ್ಲಿ ಅವನದು 14 ಗೋಲು.

ಇನ್ನೊಂದು ಸಂಖ್ಯೆಯನ್ನೂ ಮುಚ್ಚಿಡಬಾರದು. ಲೀಗಿನಲ್ಲಿ ಬಗಾನ್ ಗಳಿಸಿದ್ದು 56 ಅಂಕ, ಬೆಂಗಳೂರು 38. ಒಂದು ರಾತ್ರಿ ಈ ಅಂತರ ಮರೆಯಾಗಬಹುದು, ಆದರೆ ವರ್ಷಪೂರ್ತಿ ಆಡುವಾಗ 18 ಅಂಕ ದೊಡ್ಡ ಹಳ್ಳ. ಚೆಟ್ರಿಯ ವಯಸ್ಸಿನ ಬಗ್ಗೆ ಆ ಎರಡನೆಯವನು ಎತ್ತಿದ ಪ್ರಶ್ನೆಗೆ ಉತ್ತರ ಇರುವುದೂ ಇಲ್ಲೇ. ನಲವತ್ತರ ಹರೆಯದವನೇ ತಂಡದಲ್ಲಿ ಹೆಚ್ಚು ಗೋಲು ಹೊಡೆಯುತ್ತಾನೆ ಅಂದರೆ ಅದು ಅವನ ಹೆಚ್ಚುಗಾರಿಕೆ, ತಂಡದ ಕೊರತೆ. ಎರಡೂ ಹೌದು.

ಕಪ್ಪಿಗಿಂತ ದೊಡ್ಡ ಪ್ರಶ್ನೆ

ಅಂಗಡಿಯ ವಾದ ಜುಲೈ ತನಕ ನಡೆಯಿತು. ಜುಲೈ 11ರಂದು ಬಂದ ಸುದ್ದಿ ಎಲ್ಲರ ಬಾಯಿ ಮುಚ್ಚಿಸಿತು. ಫೆಡರೇಷನ್ ಜೊತೆಗಿನ ಒಪ್ಪಂದ ಡಿಸೆಂಬರ್‌ಗೆ ಮುಗಿಯುತ್ತದೆ, ಮುಂದೇನು ಅಂತ ಸ್ಪಷ್ಟವಿಲ್ಲ ಎಂದು ಐಎಸ್‌ಎಲ್ ನಡೆಸುವವರು 2025-26ರ ಲೀಗನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ಬಿಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನೂ ತಡೆಹಿಡಿಯಿತು. ಗೆಲ್ಲುತ್ತಾರಾ ಅಂತ ಕೇಳುತ್ತಿದ್ದವರು ಈಗ ಆಡುತ್ತಾರಾ ಅಂತ ಕೇಳುವಂತಾಯಿತು.

ಇದು ನಮ್ಮ ಹಳ್ಳಿಗೆ ದೂರದ ವಿಷಯವಲ್ಲ. ಬಿಎಫ್‌ಸಿಯ ವಸತಿ ಅಕಾಡೆಮಿ ಇರುವುದು ಬಳ್ಳಾರಿ ಸೀಮೆಯ ವಿಜಯನಗರದಲ್ಲಿ, ಬೆಂಗಳೂರಿನಲ್ಲಲ್ಲ. ನಮ್ಮ ಕೊಡಗಿನ ಸುಂಟಿಕೊಪ್ಪದಲ್ಲಿ ಗೋಲ್ಡ್ ಕಪ್ ಫುಟ್ಬಾಲ್ ನಡೆದರೆ ತೋಟದ ಕೆಲಸ ಮುಗಿಸಿ ಬಂದವರು ಮೈದಾನದ ಸುತ್ತ ನಿಲ್ಲುತ್ತಾರೆ. ಅಲ್ಲಿ ಆಡುವ ಹುಡುಗನಿಗೆ ಮೇಲೆ ಹೋಗಲು ಏಣಿ ಬೇಕು. ಹಿಂದೆ ಆ ಏಣಿ ಕಾರ್ಖಾನೆಯ ನೌಕರಿಯಾಗಿತ್ತು. ಅದು ಹೋದಮೇಲೆ ಉಳಿದದ್ದು ಕ್ಲಬ್ಬು, ಅಕಾಡೆಮಿ, ಲೀಗು. 1969ರ ನಂತರ ರಾಜ್ಯ 54 ವರ್ಷ ಕಾದದ್ದನ್ನು ನೆನೆಸಿಕೊಳ್ಳಿ. ಏಣಿ ಒಮ್ಮೆ ಜಾರಿದರೆ ಮತ್ತೆ ನಿಲ್ಲಿಸುವುದು ಒಂದು ವರ್ಷದ ಕೆಲಸವಲ್ಲ.

ಮೊನ್ನೆ ಸಂಜೆ ಅಂಗಡಿಗೆ ಹೋದಾಗ ಮೊದಲನೆಯವನೇ ಸಿಕ್ಕಿದ. ನಾನು ಮಾಡಿದ ಲೆಕ್ಕ ಹೇಳಿದೆ: ನಾಲ್ಕಕ್ಕೆ ಎರಡು. ಅವನು ಒಂದು ಗಳಿಗೆ ಯೋಚಿಸಿ, ಹಾಗಾದರೆ ಅರ್ಧಕ್ಕರ್ಧ ಉಂಟಲ್ಲ ಅಂದ. ಬ್ಲಾಸ್ಟರ್ಸ್ ಹುಡುಗರು ಈ ಸಲ ನಗಲಿಲ್ಲ. ಲೀಗ್ ನಿಂತರೆ ಅವರ ತಂಡವೂ ಆಡುವುದಿಲ್ಲ. ಅವರೇ ಇನ್ನೊಂದು ಚಹಾ ಹೇಳಿದರು.