ಹಟ್ಟಿಯಲ್ಲಿ ಕಟ್ಟಿದ ಕಾರು

ಬ್ರಹ್ಮಾವರದ ಹತ್ತಿರದ ನನ್ನ ತವರುಮನೆಯ ಹಟ್ಟಿಯಲ್ಲಿ ಈಗ ದನಗಳಿಲ್ಲ. ಅಪ್ಪಯ್ಯ ಇರುವಷ್ಟು ಕಾಲ ಏಳೆಂಟು ಜಾನುವಾರುಗಳಿದ್ದ ಆ ಜಾಗದಲ್ಲಿ ಆಮೇಲೆ ತೆಂಗಿನ ಮಡಲು, ಒಡೆದ ಹಂಚು, ಹಳೆಯ ಸೈಕಲ್ಲು ತುಂಬಿದ್ದವು. ಮೂರು ವರ್ಷದ ಹಿಂದೆ ಚೌತಿಗೆಂದು ಕುಂದಾಪುರದಿಂದ ಹೋದಾಗ ನೋಡುತ್ತೇನೆ, ಅಲ್ಲಿ ಕಬ್ಬಿಣದ ಪೈಪುಗಳ ಒಂದು ಪಂಜರ! ಪಕ್ಕದಲ್ಲಿ ನಮ್ಮ ಅಣ್ಣನ ಮಗ, ಮೈಯೆಲ್ಲ ಗ್ರೀಸು.

"ಇದೆಂತ ಮಾಣಿ, ಕೋಳಿಗೂಡಾ?" ಎಂದೆ.

"ಕಾರು ಅತ್ತೆ" ಎಂದ.

ಅವನು ಡಿಪ್ಲೊಮಾ ಓದಿ ವರ್ಕ್‌ಶಾಪ್ ಒಂದರಲ್ಲಿ ಕೆಲಸಕ್ಕಿದ್ದಾನೆ. ಇಂಗ್ಲೆಂಡಿನಲ್ಲಿ 1957ರಲ್ಲಿ ಹೊರಬಂದ ಲೋಟಸ್ ಸೆವೆನ್ ಎಂಬ ಕಾರಿನ ಪ್ರತಿಕೃತಿಯನ್ನು ಮನೆಯಲ್ಲೇ ಮಾಡುವುದು ಅವನ ಹಟ. ಎರಡೇ ಸೀಟು, ಬಾಗಿಲಿಲ್ಲ, ಮಾಡೂ ಇಲ್ಲ. ಚೌಕ ಪೈಪುಗಳನ್ನು ವೆಲ್ಡ್ ಮಾಡಿದ ಚಾಸಿ, ಅದರ ಮೇಲೆ ಅಲ್ಯೂಮಿನಿಯಂ ತಗಡು. ಬೈಂದೂರಿನ ಗುಜರಿಯಿಂದ ಒಂದು ಹಳೆಯ ಮಾರುತಿ ಓಮ್ನಿ ತಂದಿದ್ದ. ಅದರ ಎಂಜಿನ್ ಇರುವುದು ಮುಂದೆ, ತಿರುಗಿಸುವುದು ಹಿಂದಿನ ಚಕ್ರವನ್ನು. ಲೋಟಸ್ಸಿನದೂ ಅದೇ ಕ್ರಮವಂತೆ. ಮೂತಿ ಮತ್ತು ಮಡ್‌ಗಾರ್ಡು ಮಾತ್ರ ಫೈಬರಿನವು. ಅದಕ್ಕೆ ಗಂಗೊಳ್ಳಿಯ ದೋಣಿ ಕಟ್ಟುವವರ ಬಳಿ ಹೋಗಿ ಕಲಿತು ಬಂದ. ಅಚ್ಚಿಗೆ ಮೇಣ ಸವರಿ, ಗಾಜಿನ ನಾರಿನ ಹಾಳೆ ಹಾಸಿ, ಬ್ರಷ್ಷಿನಲ್ಲಿ ರೆಸಿನ್ ಹಚ್ಚಿ, ಪದರದ ಮೇಲೆ ಪದರ. ಒಣಗಿದ ಮೇಲೆ ಹಲಸಿನೆಲೆಯ ಕೊಟ್ಟೆಯಿಂದ ಕಡುಬು ಬಿಡಿಸಿದ ಹಾಗೆ ಬಿಡಿಸುವುದು.

ಇಷ್ಟಕ್ಕೆಲ್ಲ ದುಡ್ಡು? ಸಂಜೆ ಬಾವಿಕಟ್ಟೆಯ ಹತ್ತಿರ ಅತ್ತಿಗೆಯ ಕೈ ನೋಡಿದೆ. ಗಾಜಿನ ಬಳೆ ಮಾತ್ರ. ಮದುವೆಗೆ ಅವರ ಅಪ್ಪ ಹಾಕಿದ್ದ ಚಿನ್ನದ ಬಳೆ ನಾಲ್ಕೂ ಸೊಸೈಟಿಯಲ್ಲಿ ಅಡವು. ನನಗೆ ಸಿಟ್ಟು ಬಂತು. ಆಟದ ಕಾರಿಗೆ ಬಳೆ ಕೊಡುವುದುಂಟೇ ಎಂದು ಗದರಿದೆ. ಅತ್ತಿಗೆ ಕೊಡ ಇಳಿಸಿ, "ಪೆಟ್ಟಿಗೆಯಲ್ಲಿದ್ರೆ ಎಂತ ಬಂತ್?" ಎಂದಷ್ಟೇ ಹೇಳಿದರು. ಅಣ್ಣನಿಗೆ ತಿಳಿದಾಗ ಮನೆಯಲ್ಲಿ ಎರಡು ತಿಂಗಳು ಮಾತಿರಲಿಲ್ಲ.

ಶಾಲೆಯಲ್ಲಿ ಸಮಾಜ ಪಾಠ ಮಾಡುವವಳು ನಾನು. ಸಿಟ್ಟು ಇಳಿದ ಮೇಲೆ ಈ ಲೋಟಸ್ಸಿನ ಚರಿತ್ರೆಯೇನು ನೋಡೋಣವೆಂದು ಓದಲು ಕುಳಿತೆ. ಓದುತ್ತ ಹೋದಂತೆ ಅತ್ತಿಗೆಯೇ ಎದುರು ಬಂದಂತಾಯಿತು.

ಲೋಟಸ್ ಎಂದರೆ ಕಾಲಿನ್ ಚಾಪ್‌ಮನ್ ಎಂದು ಎಲ್ಲರೂ ಹೇಳುತ್ತಾರೆ. 1948ರಲ್ಲಿ ಆತ ಹಳೆಯ ಆಸ್ಟಿನ್ ಸೆವೆನ್ ಒಂದನ್ನು ಬಿಚ್ಚಿ ತನ್ನ ಮೊದಲ ಕಾರು ಕಟ್ಟಿದ. ಕಟ್ಟಿದ್ದು ಎಲ್ಲಿ? ತಾನು ಮೆಚ್ಚಿದ ಹುಡುಗಿ ಹೇಜಲ್ ವಿಲಿಯಮ್ಸಳ ಅಪ್ಪ ಅಮ್ಮನ ಮನೆಯ ಹಿಂದಿನ ಗ್ಯಾರೇಜಿನಲ್ಲಿ. 1952ರಲ್ಲಿ ಕಂಪನಿ ಶುರುಮಾಡಲು ಆಕೆ ಕೊಟ್ಟದ್ದು 25 ಪೌಂಡು. ಮದುವೆಯಾದದ್ದು 1954ರಲ್ಲಿ. ಮುಂದೆ ಲೋಟಸ್ ಜಗತ್ತಿನ ಹಲವು ದೊಡ್ಡ ಪಂದ್ಯಗಳನ್ನು ಗೆದ್ದಿತು. ಆ 25 ಪೌಂಡಿನ ನೆನಪು ಎಷ್ಟು ಜನಕ್ಕಿದೆ?

ಸೆವೆನ್ ಕಾರನ್ನು ಬಿಡಿಭಾಗಗಳಾಗಿಯೂ ಮಾರುತ್ತಿದ್ದರು. ಆಗಿನ ಬ್ರಿಟನ್ನಿನಲ್ಲಿ ಪೂರ್ತಿ ಕಾರಿಗೆ ಖರೀದಿ ತೆರಿಗೆ. ಬಿಡಿಭಾಗ ತಂದು ಮನೆಯಲ್ಲಿ ಜೋಡಿಸಿಕೊಂಡರೆ ಅದಿಲ್ಲ. ಜೋಡಿಸುವ ಕ್ರಮ ಬರೆದುಕೊಟ್ಟರೆ ರಿಯಾಯಿತಿ ತಪ್ಪುತ್ತದೆಂದು 'ಬಿಚ್ಚುವ ಕ್ರಮ' ಬರೆದುಕೊಡುತ್ತಿದ್ದರು, ಕೊಂಡವರು ಅದನ್ನು ಹಿಂದಿನಿಂದ ಓದಿಕೊಳ್ಳುತ್ತಿದ್ದರು ಎಂಬ ತಮಾಷೆಯ ಕಥೆಯೂ ಉಂಟು. 1973ರಲ್ಲಿ ಹೊಸ ತೆರಿಗೆ ಬಂದು ಈ ಲಾಭ ನಿಂತಿತು. ಆದರೆ ಮನೆಯಲ್ಲಿ ಕಾರು ಕಟ್ಟುವ ಹುಚ್ಚು ನಿಲ್ಲಲಿಲ್ಲ.

ಇನ್ನೂ ಹಿಂದೆ ಹೋದೆ. ಕಾರು ಕಂಡುಹಿಡಿದವರು ಯಾರು ಎಂಬ ಒಂದು ಅಂಕದ ಪ್ರಶ್ನೆಗೆ ಕಾರ್ಲ್ ಬೆಂಜ್ ಎಂದು ನಾನೇ ಎಷ್ಟೋ ವರ್ಷ ಬರೆಸಿದ್ದೇನೆ. 1886ರ ಜನವರಿ 29ರ ಪೇಟೆಂಟು ಅವನ ಹೆಸರಲ್ಲಿದೆ, ತಪ್ಪೇನಿಲ್ಲ. ಆದರೆ ಮದುವೆಗೆ ಮೊದಲೇ, 1871ರಲ್ಲಿ, ಅವನ ಮುಳುಗುತ್ತಿದ್ದ ಕಾರ್ಖಾನೆಯನ್ನು ಉಳಿಸಿದ್ದು ಬರ್ತಾ ತನ್ನ ವರದಕ್ಷಿಣೆಯ ಹಣದಿಂದ. ಕಾರು ಸಿದ್ಧವಾದ ಮೇಲೂ ಕೊಳ್ಳುವವರಿಲ್ಲ. 1888ರ ಆಗಸ್ಟಿನಲ್ಲಿ ಬರ್ತಾ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಆ ಮೂರು ಚಕ್ರದ ಗಾಡಿಯಲ್ಲಿ ಮ್ಯಾನ್‌ಹೈಮಿನಿಂದ ಫೋರ್ಜ್‌ಹೈಮಿನ ತನ್ನ ತವರಿಗೆ ಹೊರಟಳು. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಇಂಧನ ಮುಗಿದಾಗ ವೀಸ್ಲಾಕ್ ಊರಿನ ಔಷಧಿ ಅಂಗಡಿಯಲ್ಲಿ ಕೊಂಡಳು. ಕೊಳವೆ ಕಟ್ಟಿದಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಬ್ರೇಕಿನ ಕಟ್ಟಿಗೆ ಸವೆದಾಗ ಚಮ್ಮಾರನಿಂದ ಚರ್ಮ ಹೊಡೆಸಿದಳು. ತವರಿಗೆ ಹೋಗುವ ಹೆಂಗಸಿನ ಗಟ್ಟಿತನ ನಮಗೆ ಗೊತ್ತಿಲ್ಲದ್ದೇ? ಈ ಗಾಡಿ ದೂರ ಓಡುತ್ತದೆಂದು ಜಗತ್ತು ನಂಬಿದ್ದು ಆಮೇಲೆ.

ನಮ್ಮ ಕರ್ನಾಟಕಕ್ಕೂ ಈ ಕೆಲಸ ಹೊಸತಲ್ಲ. ಬೆಂಗಳೂರಿನ ಸಿಪಾನಿಯವರು 1982ರಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಮಾದರಿಯಲ್ಲಿ ಫೈಬರ್ ಮೈಯ ಡಾಲ್ಫಿನ್ ತಂದರು. ಎಳೆಯದರಲ್ಲೇ ಆಟದ ಕಾರುಗಳನ್ನು ಜೋಡಿಸುತ್ತ ಬೆಳೆದ ಬೆಂಗಳೂರಿನ ಚೇತನ್ ಮೈನಿಯವರ ವಿದ್ಯುತ್ ಕಾರು ರೇವಾ 2001ರಲ್ಲಿ ರಸ್ತೆಗೆ ಬಂತು. ಆದರೆ ಅವು ಕಾರ್ಖಾನೆಯ ಕಥೆ. ಹಟ್ಟಿಯ ಕಾರಿಗೆ ದಾರಿ ಅಷ್ಟು ಸುಲಭವಲ್ಲ.

ಕಳೆದ ವರ್ಷ ಕಾರು ಮುಗಿಯಿತು. ಆಗ ಎದ್ದದ್ದು ಕಾನೂನಿನ ಪ್ರಶ್ನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಖಚಿತಪಡಿಸಿದೆ. ಹೊಸ ವಾಹನವೆಂದರೆ ಪುಣೆಯಂಥ ಕಡೆಯ ಪರೀಕ್ಷಾ ಸಂಸ್ಥೆಯಲ್ಲಿ ಮಾದರಿ ಪಾಸಾಗಬೇಕು. ಅದರ ಖರ್ಚು ನಮ್ಮಂಥವರ ಕೈಗೆಟುಕದು. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಕಾರನ್ನೂ ಪರೀಕ್ಷಿಸಿ ನೋಂದಾಯಿಸುವ ವ್ಯವಸ್ಥೆಯಿದೆ. ನಮ್ಮ ಮಾಣಿಯ ಕಾರು ಗೇಟು ದಾಟುವಂತಿಲ್ಲ. ಜನರ ಜೀವದ ಮಾತಾದ್ದರಿಂದ ಕಾಯ್ದೆಯನ್ನು ನಾನು ಹಳಿಯಲಾರೆ. ಆದರೂ ಅವನ ಮುಖ ನೋಡಿ ಹೊಟ್ಟೆ ಕಿವುಚಿತು.

ಕಾರು ನೋಡಲು ಊರ ಹುಡುಗರು ಬಂದರು, ಅವನ ಜೊತೆ ಫೋಟೋ ತೆಗೆಸಿಕೊಂಡರು. ಅವರಿಗೆಲ್ಲ ಚಾ ಕೊಟ್ಟವರನ್ನು ಯಾರೂ ಕರೆಯಲಿಲ್ಲ. ಎಲ್ಲರೂ ಹೋದ ಮೇಲೆ ನಾನೇ ಅತ್ತಿಗೆಯನ್ನು ದೂಡಿಕೊಂಡು ಹೋದೆ. ಬಾಗಿಲಿಲ್ಲದ ಕಾರು, ಸೀರೆ ಎತ್ತಿ ಕಟ್ಟಿ, ನನ್ನ ಭುಜ ಹಿಡಿದು, ಕಾಲು ದಾಟಿಸಿ ಕುಳಿತರು.

"ಇದ್ ಓಡತ್ತಾ ಮಾಣಿ?"

"ಓಡತ್ ಅಮ್ಮ, ಕಾಣಿ ಬೇಕಾರೆ."

ಅಂಗಳದಲ್ಲಿ ತುಳಸಿಕಟ್ಟೆಗೆ ಮೂರು ಸುತ್ತು ಬಂದರು. ಅಣ್ಣ ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದ. ಓದುತ್ತಿರಲಿಲ್ಲ. ನಾಲ್ಕನೇ ಸುತ್ತಿಗೆ ಅತ್ತಿಗೆ "ಒಲೆ ಮೇಲೆ ಹಾಲಿತ್ತ್, ನಿಲ್ಸು" ಎಂದು ಕೂಗಿದರು.

ಬಳೆಗಳನ್ನು ಇನ್ನೂ ಬಿಡಿಸಿಲ್ಲ. ತಿಂಗಳು ತಿಂಗಳು ಬಡ್ಡಿ ಕಟ್ಟುತ್ತಿರುವುದು ಮಾಣಿಯೇ. ನಾನು ತರಗತಿಯಲ್ಲಿ ಆ ಒಂದು ಅಂಕದ ಪ್ರಶ್ನೆಗೆ ಉತ್ತರ ಬರೆಸಿದ ಮೇಲೆ ಪುಸ್ತಕ ಮುಚ್ಚಿಸಿ ಬರ್ತಾಳ ಕಥೆ ಹೇಳುತ್ತೇನೆ. ಅದಕ್ಕೆ ಅಂಕವಿಲ್ಲ, ಆದರೂ ಹೆಣ್ಣುಮಕ್ಕಳು ಕಣ್ಣರಳಿಸಿ ಕೇಳುತ್ತಾರೆ.