ಮಾಲೆಗಾಂವ್‌ನ ಅಣಕು ಚಿತ್ರಗಳು: ವಿಡಿಯೊ ಪಾರ್ಲರಿನಿಂದ ಯೂಟ್ಯೂಬಿನವರೆಗೆ

ಜನಪ್ರಿಯ ಚಲನಚಿತ್ರವೊಂದನ್ನು ಅದರ ಪ್ರೇಕ್ಷಕರೇ, ಮೂಲ ನಿರ್ಮಾಪಕರ ಹಣವಾಗಲಿ ಒಪ್ಪಿಗೆಯಾಗಲಿ ಇಲ್ಲದೆ, ಕೈಗೆ ಸಿಕ್ಕ ಸಲಕರಣೆಗಳಿಂದ ತಮ್ಮದೇ ರೀತಿಯಲ್ಲಿ ಮತ್ತೆ ಚಿತ್ರಿಸಿದರೆ ಅದನ್ನು ಅಭಿಮಾನಿ ಚಿತ್ರವೆಂದು ಕರೆಯಲಾಗುತ್ತದೆ. ಇಂಥ ಚಿತ್ರಗಳು ಅಂತರಜಾಲದಿಂದಲೇ ಹುಟ್ಟಿದವೆಂಬ ಭಾವನೆ ಸಾಮಾನ್ಯವಾಗಿದ್ದರೂ ಅವುಗಳ ಚರಿತ್ರೆ ಅದಕ್ಕಿಂತ ಹಳೆಯದು. ಅಮೆರಿಕದಲ್ಲಿ ‘ಸ್ಟಾರ್ ವಾರ್ಸ್’ ಚಿತ್ರವನ್ನು ಅಣಕಿಸಿದ ‘ಹಾರ್ಡ್‌ವೇರ್ ವಾರ್ಸ್’ 1978ರಲ್ಲೇ ಬಂದಿತ್ತು; ಮಿಸಿಸಿಪಿಯ ಕೆಲವು ಹುಡುಗರು 1982ರಲ್ಲಿ ‘ರೈಡರ್ಸ್ ಆಫ್ ದ ಲಾಸ್ಟ್ ಆರ್ಕ್’ ಚಿತ್ರವನ್ನು ದೃಶ್ಯದಿಂದ ದೃಶ್ಯಕ್ಕೆ ಮರುಚಿತ್ರಿಸಲು ತೊಡಗಿ, ಅದೇ ಕೆಲಸದಲ್ಲಿ ವರ್ಷಗಳನ್ನು ಕಳೆದರು. ಭಾರತದಲ್ಲಿ ಈ ಹವ್ಯಾಸವು ಒಂದು ಊರಿನ ಕಸುಬಾಗಿಯೇ ಬೆಳೆದದ್ದು ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಮಾಲೆಗಾಂವ್‌ನಲ್ಲಿ.

ಮುಂಬೈ–ಆಗ್ರಾ ಹೆದ್ದಾರಿಯ ಮೇಲಿರುವ ಮಾಲೆಗಾಂವ್, ಗುಜರಾತಿನ ಸೂರತ್ ಹಾಗೂ ಮಹಾರಾಷ್ಟ್ರದ ಭಿವಂಡಿ, ಇಚಲಕರಂಜಿಗಳಂತೆ, ಪವರ್‌ಲೂಮ್‌ಗಳ, ಅಂದರೆ ವಿದ್ಯುತ್ತಿನಿಂದ ನಡೆಯುವ ಮಗ್ಗಗಳ ಊರು. 1857ರ ದಂಗೆಯ ನಂತರದ ದಶಕಗಳಲ್ಲಿ ಉತ್ತರ ಭಾರತದಿಂದ ವಲಸೆ ಬಂದ ಮುಸ್ಲಿಂ ನೇಕಾರರು ಇಲ್ಲಿ ನೆಲೆಯೂರಿದ್ದರಿಂದ ಊರಿನ ಬದುಕಿನಲ್ಲಿ ಉರ್ದು ಮಾತಿಗೂ ಮಗ್ಗದ ದುಡಿಮೆಗೂ ಪ್ರಧಾನ ಸ್ಥಾನ ದೊರೆಯಿತು. ವಾರವಿಡೀ ಪಾಳಿಯಲ್ಲಿ ದುಡಿಯುವ ಕಾರ್ಮಿಕರಿಗೆ ಶುಕ್ರವಾರ ಬಿಡುವಿನ ದಿನವಾಗಿದ್ದು, ಅಂದು ಚಿತ್ರಮಂದಿರಕ್ಕೆ ಹೋಗುವುದು ಅವರಲ್ಲಿ ನೆಲೆನಿಂತ ರೂಢಿಯಾಗಿತ್ತು.

1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಸಮಯದಿಂದ ದೇಶದಲ್ಲಿ ಬಣ್ಣದ ಟಿ.ವಿ.ಯೂ ವಿಸಿಆರ್ ಎಂಬ ಕ್ಯಾಸೆಟ್ ಯಂತ್ರವೂ ಹರಡಿದಾಗ, ಇಕ್ಕಟ್ಟಾದ ಕೋಣೆಯಲ್ಲಿ ಟಿ.ವಿ. ಇಟ್ಟು ಅಗ್ಗದ ಟಿಕೆಟ್ಟಿಗೆ ಚಿತ್ರ ತೋರಿಸುವ ವಿಡಿಯೊ ಪಾರ್ಲರುಗಳು ಸಣ್ಣ ಊರುಗಳಲ್ಲೆಲ್ಲ ತಲೆಯೆತ್ತಿದವು. ಮಾಲೆಗಾಂವ್‌ನಲ್ಲಿ ಇಂಥದೊಂದು ಪಾರ್ಲರನ್ನು ನಡೆಸುತ್ತಿದ್ದ ನಾಸಿರ್ ಶೇಖ್ ಚಿತ್ರ ತಯಾರಿಕೆಯನ್ನು ಯಾವ ಶಾಲೆಯಲ್ಲೂ ಕಲಿತವರಲ್ಲ. ದಿನನಿತ್ಯ ಚಿತ್ರಗಳನ್ನು ನೋಡುತ್ತ, ಒಂದು ವಿಸಿಆರ್‌ನಿಂದ ಇನ್ನೊಂದಕ್ಕೆ ಬೇಕಾದ ಭಾಗಗಳನ್ನಷ್ಟೇ ನಕಲು ಮಾಡುತ್ತ, ಅವರು ಸಂಕಲನದ ಮೊದಲ ಪಾಠಗಳನ್ನು ಕಲಿತರು.

ಅವರು 2000ದಲ್ಲಿ ಸಿದ್ಧಪಡಿಸಿದ ‘ಮಾಲೆಗಾಂವ್ ಕೆ ಶೋಲೆ’ ಕನ್ನಡನಾಡಿಗೂ ಸಂಬಂಧಿಸಿದ ಕೃತಿ. ಮೂಲ ‘ಶೋಲೆ’ಯ ಚಿತ್ರೀಕರಣ 1973ರ ಅಕ್ಟೋಬರಿನಲ್ಲಿ ಬೆಂಗಳೂರಿನ ಸಮೀಪದ ರಾಮನಗರದ ಬಂಡೆಗಳ ನಡುವೆ ಆರಂಭವಾಗಿ, ಚಿತ್ರವು 1975ರ ಆಗಸ್ಟ್ 15ರಂದು 70 ಎಂ.ಎಂ. ತೆರೆಯ ಮೇಲೆ ಬಿಡುಗಡೆಯಾಯಿತು. ಅದಕ್ಕೆ ತಗುಲಿದ ವೆಚ್ಚ ಸುಮಾರು 3 ಕೋಟಿ ರೂಪಾಯಿ. ಮಾಲೆಗಾಂವ್‌ನವರು ಖರ್ಚು ಮಾಡಿದ್ದು ಸುಮಾರು 50,000 ರೂಪಾಯಿ. ಅಲ್ಲಿ ಗಬ್ಬರ್ ಸಿಂಗನು ರಬ್ಬರ್ ಸಿಂಗನಾದನು, ಬಸಂತಿಯು ಬಾಸ್ಮತಿಯಾದಳು, ಕುದುರೆಯ ಮೇಲೆ ಬರಬೇಕಾದ ಡಕಾಯಿತರು ಸೈಕಲ್ ತುಳಿದರು, ರೈಲಿನ ಕಾದಾಟ ಬಸ್ಸಿಗೆ ಇಳಿಯಿತು. ಈ ಬದಲಾವಣೆಗಳು ಬಡತನದಿಂದ ಒದಗಿದವಾದರೂ ನಗೆಯ ಮೂಲವೂ ಅವೇ ಆಗಿದ್ದವು. ಮೂಲ ಚಿತ್ರವನ್ನು ಬಾಯಿಪಾಠ ಮಾಡಿಕೊಂಡಿದ್ದ ಪ್ರೇಕ್ಷಕರು ಪರಿಚಿತ ದೃಶ್ಯದೊಳಗೆ ತಮ್ಮ ಬೀದಿಯನ್ನೂ ತಮ್ಮ ನೆರೆಹೊರೆಯವರನ್ನೂ ಕಂಡು ಪಾರ್ಲರುಗಳನ್ನು ತುಂಬಿಸಿದರು.

ಈ ಚಿತ್ರಗಳ ತಯಾರಿಕೆಯಲ್ಲಿ ಮಗ್ಗದ ಕಾರ್ಮಿಕರು, ಅಂಗಡಿಯವರು, ಸಣ್ಣಪುಟ್ಟ ಕಸುಬಿನವರು ನಟರಾಗಿ, ಲೇಖಕರಾಗಿ, ತಂತ್ರಜ್ಞರಾಗಿ ದುಡಿದರು. ಎತ್ತಿನ ಬಂಡಿಯ ಮೂಕಿಗೆ ಕ್ಯಾಮೆರಾ ಕಟ್ಟಿ ಮೇಲೆತ್ತಿದರೆ ಕ್ರೇನ್ ಸಿದ್ಧವಾಗುತ್ತಿತ್ತು, ಸೈಕಲ್ಲಿನ ಮೇಲೆ ಕುಳಿತು ಚಿತ್ರಿಸಿದರೆ ಚಲಿಸುವ ದೃಶ್ಯ ದೊರೆಯುತ್ತಿತ್ತು. ಸಂಪ್ರದಾಯಸ್ಥ ಊರಿನ ಹೆಂಗಸರು ನಟಿಸಲು ಮುಂದೆ ಬಾರದಿದ್ದುದರಿಂದ ಸ್ತ್ರೀಪಾತ್ರಗಳಿಗೆ ಹೊರಗಿನ ಊರುಗಳಿಂದ ನಟಿಯರನ್ನು ಕರೆಸಬೇಕಾಗುತ್ತಿತ್ತು.

ಇದೇ ತಂಡ 2008ರ ಸುಮಾರಿಗೆ ಕೈಗೆತ್ತಿಕೊಂಡ ‘ಮಾಲೆಗಾಂವ್ ಕಾ ಸೂಪರ್‌ಮ್ಯಾನ್’ ಊರಿನ ಹೆಸರನ್ನು ದೂರಕ್ಕೆ ಒಯ್ದಿತು. ಹಸಿರು ಪರದೆಯ ಮುಂದೆ ನಟನನ್ನು ಚಿತ್ರಿಸಿ, ಆ ಹಸಿರಿನ ಜಾಗದಲ್ಲಿ ಕಂಪ್ಯೂಟರಿನ ಮೂಲಕ ಬೇರೆ ಹಿನ್ನೆಲೆಯನ್ನು ಕೂರಿಸುವ ಕ್ರೋಮಾ ತಂತ್ರವನ್ನು ನಾಸಿರ್ ಶೇಖ್ ಈ ಚಿತ್ರಕ್ಕಾಗಿ ಅಳವಡಿಸಿಕೊಂಡರು. ನಾಯಕ ಪವರ್‌ಲೂಮ್ ಕಾರ್ಮಿಕ ಶಫೀಕ್ ಶೇಖ್. ಅವನ ಎದುರಾಳಿ ಊರಿನ ಕೊಳಕನ್ನು ಪ್ರೀತಿಸುವ ಖಳ. ಈ ಚಿತ್ರೀಕರಣದ ಜೊತೆಯಲ್ಲೇ ಫೈಜಾ ಅಹ್ಮದ್ ಖಾನ್ ತಯಾರಿಸಿದ ‘ಸೂಪರ್‌ಮೆನ್ ಆಫ್ ಮಾಲೆಗಾಂವ್’ ಸಾಕ್ಷ್ಯಚಿತ್ರ ಅಂತರರಾಷ್ಟ್ರೀಯ ಚಿತ್ರೋತ್ಸವಗಳಲ್ಲಿ ಸುತ್ತಿ, 2012ರಲ್ಲಿ ಭಾರತದ ಚಿತ್ರಮಂದಿರಗಳಿಗೂ ಬಂದಿತು. ಆ ಹೊತ್ತಿಗೆ ಶಫೀಕ್ ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಇದೇ ಜನರ ಕಥೆಯನ್ನು ಆಧರಿಸಿ ರೀಮಾ ಕಾಗ್ತಿ ನಿರ್ದೇಶಿಸಿದ ‘ಸೂಪರ್‌ಬಾಯ್ಸ್ ಆಫ್ ಮಾಲೆಗಾಂವ್’ 2024ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು.

ಅಭಿಮಾನಿ ಚಿತ್ರಗಳ ಎರಡನೆಯ ಘಟ್ಟ ಅಂತರಜಾಲದ್ದು. 2005ರಲ್ಲಿ ಯೂಟ್ಯೂಬ್ ಆರಂಭವಾದುದರಿಂದಲೂ 2016ರ ಬಳಿಕ ಭಾರತದಲ್ಲಿ ಮೊಬೈಲ್ ಡೇಟಾ ತೀರಾ ಅಗ್ಗವಾದುದರಿಂದಲೂ ಪಾರ್ಲರು, ಕ್ಯಾಸೆಟ್ಟು, ವಿಸಿಡಿಗಳ ಮಾರುಕಟ್ಟೆ ಕುಸಿದು, ಮಾಲೆಗಾಂವ್ ಹಾಗೂ ಅದಕ್ಕೆ ತಾಗಿದ ಖಾನದೇಶದ ಹಾಸ್ಯ ತಂಡಗಳು ಯೂಟ್ಯೂಬಿನತ್ತ ಹೊರಳಿದವು. ‘ಛೋಟೂ ದಾದಾ’ ಹೆಸರಿನ ಪಾತ್ರದ ಕಿರುಪ್ರಹಸನಗಳನ್ನು ಕೋಟಿಗಟ್ಟಲೆ ಜನ ವೀಕ್ಷಿಸಿದರು. ಆದರೆ ಈ ಪ್ರಹಸನಗಳಿಗೆ ಮೂಲ ಚಿತ್ರದ ಆಸರೆ ಬೇಕಿರಲಿಲ್ಲ. ಊರನ್ನು ಅರಿಯದ ಪ್ರೇಕ್ಷಕನೂ ನಗಬೇಕಾದ್ದರಿಂದ ಊರಿಗೆ ವಿಶಿಷ್ಟವಾದ ಅಣಕು ಹಿಂದೆ ಸರಿದು, ಎಲ್ಲಿಯೂ ಸಲ್ಲುವ ಅಂಗಚೇಷ್ಟೆಯ ಹಾಸ್ಯ ಮುಂದೆ ಬಂದಿತು.

ವ್ಯಾಪ್ತಿ ಹಿರಿದಾದಂತೆ ಹಕ್ಕುಸ್ವಾಮ್ಯದ ಪ್ರಶ್ನೆಯೂ ತೀವ್ರವಾಗುತ್ತದೆ. ‘ಸ್ಟಾರ್ ಟ್ರೆಕ್’ ಆಧರಿಸಿದ ಅಭಿಮಾನಿ ಚಿತ್ರವೊಂದು ಸಾರ್ವಜನಿಕರಿಂದ ದೊಡ್ಡ ಮೊತ್ತ ಸಂಗ್ರಹಿಸಿದ್ದು 2015ರಲ್ಲಿ ಮೊಕದ್ದಮೆಗೆ ದಾರಿಯಾಗಿ, ಮರುವರ್ಷ ‘ಸ್ಟಾರ್ ಟ್ರೆಕ್’ನ ಒಡೆಯರು ಅಭಿಮಾನಿಗಳ ಒಂದು ಕಥೆ 15 ನಿಮಿಷ ಮೀರಬಾರದೆಂಬಂಥ ನಿಯಮಗಳನ್ನು ಪ್ರಕಟಿಸಿದರು. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆ ವಿಮರ್ಶೆಗಾಗಿ ಮಾಡುವ ನ್ಯಾಯಯುತ ಬಳಕೆಗೆ ವಿನಾಯಿತಿ ಕೊಟ್ಟಿದ್ದರೂ ಅಣಕನ್ನು ಹೆಸರಿಸಿ ರಕ್ಷಿಸುವುದಿಲ್ಲ.

ಒಟ್ಟಿನಲ್ಲಿ, ಅಭಿಮಾನಿ ಚಿತ್ರಗಳಿಗೆ ಅಂತರಜಾಲ ಕೊಟ್ಟದ್ದು ಜನ್ಮವನ್ನಲ್ಲ, ಪ್ರಸಾರವನ್ನು. ಅವುಗಳಿಗೆ ಜನ್ಮವಿತ್ತದ್ದು ಅಗ್ಗದ ಯಂತ್ರ, ಬಿಡುವಿನ ಶುಕ್ರವಾರ ಮತ್ತು ಚಿತ್ರವನ್ನು ತಮ್ಮದಾಗಿಸಿಕೊಳ್ಳಬಲ್ಲ ಪ್ರೇಕ್ಷಕವರ್ಗ. ಕಾಲಕ್ರಮದಲ್ಲಿ ಕಾಂತೀಯ ಟೇಪು ಸವೆಯುವುದು ಖಚಿತವಾಗಿರುವುದರಿಂದ, ದುಡಿಯುವ ಜನರು ತಮ್ಮ ಊರನ್ನು ತಾವೇ ಚಿತ್ರಿಸಿದ ಇಂಥ ದಾಖಲೆಗಳನ್ನು ಹುಡುಕಿ ಕಾಪಿಡುವ ಕೆಲಸವನ್ನು ಚಲನಚಿತ್ರ ಸಂಗ್ರಹಾಲಯಗಳು ಇನ್ನು ಮುಂದೂಡಬಾರದು.