ಔರಾದ ದಾರಿಯ ಯೆಜ್ಡಿ

ಅಪ್ಪನ 1983ರ ಯೆಜ್ಡಿ ಈಗಲೂ ಭಾಲ್ಕಿಯ ನಮ್ಮ ಮನೆಯಲ್ಲಿದೆ. ಟ್ಯಾಂಕಿನ ಬಣ್ಣ ಹೋಗಿದೆ. ಸೀಟಿನ ಹಿಂದೆ ಬೆಸುಗೆ ಹಾಕಿಸಿದ ಕಬ್ಬಿಣದ ಬಳೆ ಮಾತ್ರ ಗಟ್ಟಿಯಾಗಿದೆ. ದ್ರವ ಸಾರಜನಕದ ಕ್ಯಾನು ಕೂರುತ್ತಿದ್ದದ್ದು ಆ ಬಳೆಯಲ್ಲಿ. ಔರಾದ ತಾಲ್ಲೂಕಿನ ಹಳ್ಳಿಗಳಿಗೆ ಹೋಗಿ ದೇವಣಿ ಆಕಳುಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ಅಪ್ಪನ ನೌಕರಿ. ಆಕಳು ಬೆದೆಗೆ ಬಂದರೆ ಒಂದು ದಿನದೊಳಗೆ ತಲುಪಬೇಕು. ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು, ರೈತನಿಗೆ ಅಷ್ಟು ದಿನದ ಹಾಲು ಹಿಂದಕ್ಕೆ. ಹಾಗಾಗಿ ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಪ್ರಶ್ನೆ 'ಗಾಡಿ ಚಾಲೂ ಆಯ್ತೇನು?' ಎಂಬುದೇ ಆಗಿತ್ತು.

ಹೈದರಾಬಾದ್ ಸಂಸ್ಥಾನದ ಮೋಟಾರು ಸಾರಿಗೆ ನನ್ನ ಸಂಶೋಧನೆಯ ವಿಷಯ. 1932ರ ಜೂನ್‌ನಲ್ಲಿ ನಿಜಾಮ್ ಸ್ಟೇಟ್ ರೈಲ್ವೆ 27 ಬಸ್ಸು, 166 ನೌಕರರೊಂದಿಗೆ ರಸ್ತೆ ಸಾರಿಗೆ ಆರಂಭಿಸಿತು ಎಂಬುದು ಎಲ್ಲ ಕಡೆ ಬರೆದಿಟ್ಟ ಸಂಗತಿ. ಆ ಬಸ್ಸುಗಳನ್ನು ಬಿಚ್ಚಿ ಜೋಡಿಸಿದವರು ಯಾರು, ಅವರು ಕೆಲಸ ಕಲಿತದ್ದು ಯಾರ ಹತ್ತಿರ ಎಂದು ಹುಡುಕಿದರೆ ನಾನು ಓದಿದ ಕಡತಗಳು ಸುಮ್ಮನಾಗುತ್ತವೆ. ಕೊನೆಗೆ ಕಡತ ಮುಚ್ಚಿಟ್ಟು ಬೀದರ್‌ನ ಹಳೇ ಊರಿನಲ್ಲಿ ಅಪ್ಪನ ಗಾಡಿ ನೋಡಿಕೊಳ್ಳುತ್ತಿದ್ದ ಉಸ್ತಾದ್ ಚಾಚಾ ಅವರ ಅಂಗಡಿಗೆ ಹೋಗಿ ಕುಳಿತೆ.

ಯೆಜ್ಡಿಯ ವಂಶಾವಳಿ ಹೇಳಬೇಕು. ಜಾವಾ ಎಂಬ ಹೆಸರು ಹುಟ್ಟಿದ್ದು 1929ರಲ್ಲಿ, ಯಾನೆಚೆಕ್ ಮತ್ತು ವಾಂಡರರ್ ಎಂಬ ಎರಡು ಹೆಸರಿನ ಮೊದಲ ಅಕ್ಷರಗಳು ಸೇರಿ. ಚೆಕೊಸ್ಲೊವಾಕಿಯಾದ ಗಾಡಿಗಳು ಹೆಸರು ಮಾಡಿದ್ದೇ ಕೆಟ್ಟ ದಾರಿಯಲ್ಲಿ. ಆರು ದಿನಗಳ ಅಂತರರಾಷ್ಟ್ರೀಯ ಸ್ಪರ್ಧೆ 1947ರಲ್ಲಿ ಜ್ಲೀನ್ ಪಟ್ಟಣದಲ್ಲಿ ನಡೆದಾಗ ಗೆದ್ದದ್ದು ಆ ದೇಶದ ತಂಡ. ಅಲ್ಲಿನ ಇನ್ನೊಂದು ಕಾರ್ಖಾನೆ ಸಿ.ಜೆಡ್.ನ 250 ಸಿಸಿ ಗಾಡಿಯ ಮೇಲೆ ಬೆಲ್ಜಿಯಂನ ಜೋಯಲ್ ರಾಬರ್ಟ್ 1964ರಲ್ಲಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದ. ಆರು ದಿನದ ಸ್ಪರ್ಧೆಯಲ್ಲಿ ಸವಾರನೇ ತನ್ನ ಗಾಡಿ ರಿಪೇರಿ ಮಾಡಿಕೊಳ್ಳಬೇಕು. ಅಪ್ಪ ಸುಮಾರು ಇಪ್ಪತ್ತು ವರ್ಷ ಅದೇ ಸ್ಪರ್ಧೆಯಲ್ಲಿದ್ದರು ಅನ್ನಿಸುತ್ತದೆ, ಪದಕವೊಂದು ಬರಲಿಲ್ಲ ಅಷ್ಟೇ.

ಮೈಸೂರಿನ ಯಾದವಗಿರಿಯಲ್ಲಿ ಇರಾನಿ ಕುಟುಂಬದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು. 1973ರಿಂದ ಗಾಡಿಯ ಹೆಸರು ಯೆಜ್ಡಿ. ಆ ಹೊತ್ತಿಗೆ ಬೀದರ್ ಕೂಡ ಮೈಸೂರು ರಾಜ್ಯವೇ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು ಬೀದರ್, ಭಾಲ್ಕಿ, ಔರಾದ ಇತ್ತ ಬಂದವು, ಉದಗೀರ್ ಅತ್ತ ಹೋಯಿತು. ನಕಾಶೆ ಬದಲಾಯಿತು, ಪಾರ್ಟ್ಸಿನ ದಾರಿ ಬದಲಾಗಲಿಲ್ಲ. ಮೈಸೂರು ಎಂಟುನೂರು ಕಿಲೋಮೀಟರ್ ದೂರ, ಹೈದರಾಬಾದ್ ನೂರಾನಲವತ್ತು. ಮೈಸೂರಿನಲ್ಲಿ ತಯಾರಾದ ಪಿಸ್ಟನ್ ರಿಂಗು ನಮ್ಮೂರಿಗೆ ಹೈದರಾಬಾದ್ ಸುತ್ತಿ ಬರುತ್ತಿತ್ತು. ಕೆಲಸದ ಮಾತೂ ಅಲ್ಲಿಯದೇ: ಸ್ಪ್ಯಾನರ್ ಪಾನಾ, ಕಲಿಯುವ ಹುಡುಗ ಶಾಗಿರ್ದ್.

ಬೀದರ್ ಊರು ಕೂತಿರುವುದು ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲೆ. ದಿಬ್ಬ ಇಳಿದರೆ ಭಾಲ್ಕಿ, ಔರಾದ ಕಡೆ ಎರೆಭೂಮಿ. ಬಹಮನಿ ಕಾಲದ ನೌಬಾದಿನ ಸುರಂಗ ಬಾವಿ ನೀರು ಹಿಡಿದದ್ದು ಈ ಕೆಂಪುಕಲ್ಲು ಮತ್ತು ಅದರಡಿಯ ಕರಿಕಲ್ಲು ಕೂಡುವ ಜಾಗದಲ್ಲಿ. ಮೋಟಾರ್ ಸೈಕಲ್ಲಿಗೆ ಕೆಂಪುಮಣ್ಣೂ ವೈರಿ, ಕರಿಮಣ್ಣೂ ವೈರಿ. ಬೇಸಿಗೆಯ ಕೆಂಪು ಧೂಳು ಏರ್ ಫಿಲ್ಟರ್ ದಾಟಿ ಒಳಗೆ ಹೋದರೆ ಸಿಲಿಂಡರನ್ನು ಉಜ್ಜಿ ತಿನ್ನುತ್ತದೆ. ಮಳೆಗಾಲದ ಎರೆಮಣ್ಣು ಮಡ್ಗಾರ್ಡ್ ಒಳಗೆ ತುಂಬಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ.

ಚಾಚಾ ಇದಕ್ಕೆಲ್ಲ ಒಂದೊಂದು ಉಪಾಯ ಮಾಡಿದ್ದರು. ವಾಷರ್ ಕೊಟ್ಟು ಮುಂದಿನ ಮಡ್ಗಾರ್ಡನ್ನು ಎರಡು ಬೆರಳು ಎತ್ತಿಸಿದ್ದರು. ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಡಿಮೆ ಮಾಡಿದ್ದರು. ಓಟ ಕಡಿಮೆಯಾದರೂ ಕೆಸರಿನಲ್ಲಿ ಎಳೆಯುವ ಬಲ ಬರುತ್ತದೆ. ಹಿಂದಿನ ಚೈನಿಗೆ ಕಂಪನಿಯೇ ಪೂರ್ತಿ ಮುಚ್ಚಿದ ಡಬ್ಬಿ ಕೊಟ್ಟಿತ್ತು, ಅದಕ್ಕೆ ಮಾತ್ರ ಕೈ ಹಚ್ಚಲಿಲ್ಲ. ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆದು ಎಣ್ಣೆ ಸವರುವುದು ಬೇಸಿಗೆಯಲ್ಲಿ ವಾರಕ್ಕೊಮ್ಮೆ. ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು, ಲೀಟರಿಗೆ 40 ಮಿಲಿ. ಒಮ್ಮೆ ಅವಸರದಲ್ಲಿ ಅಪ್ಪ ಆಯಿಲ್ ಕಡಿಮೆ ಹಾಕಿ, ಔರಾದ ಸಮೀಪ ಮೇ ತಿಂಗಳ ಬಿಸಿಲಲ್ಲಿ ಪಿಸ್ಟನ್ ಹಿಡಿದುಕೊಂಡಿತು. ಕ್ಯಾನನ್ನು ಹೆಗಲ ಮೇಲೆ ಹೊತ್ತು ನಡೆದರಂತೆ. ಆ ಕಥೆಯನ್ನು ಅಪ್ಪ ಹೇಳಲಿಲ್ಲ, ಚಾಚಾ ಹೇಳಿದರು.

ಟ್ಯೂನಿಂಗ್ ಎಂದರೆ ಬಹಳ ಜನ ಕಾರ್ಬೋರೇಟರಿನ ಸ್ಕ್ರೂ ತಿರುಗಿಸುವುದು ಎಂದುಕೊಳ್ಳುತ್ತಾರೆ. ಚಾಚಾ ಮೊದಲು ಪ್ಲಗ್ ಬಿಚ್ಚುತ್ತಾರೆ. ತುದಿ ಬೆಲ್ಲದ ಬಣ್ಣಕ್ಕಿದ್ದರೆ ಸರಿ. ಕರ್ರಗೆ ಒದ್ದೆಯಾಗಿದ್ದರೆ ಪೆಟ್ರೋಲೋ ಆಯಿಲೋ ಹೆಚ್ಚು, ಬೆಳ್ಳಗಿದ್ದರೆ ಪೆಟ್ರೋಲು ಸಾಲದೆ ಎಂಜಿನ್ ಕಾಯುತ್ತಿದೆ. ಆಮೇಲೆ ಪಾಯಿಂಟ್ ಗ್ಯಾಪ್, 0.4 ಮಿ.ಮೀ. ಆಮೇಲೆ ಟೈಮಿಂಗ್: ಪಿಸ್ಟನ್ ತುತ್ತತುದಿ ಮುಟ್ಟಲು ಮೂರು ಮಿಲಿಮೀಟರಿನ ಆಸುಪಾಸು ಉಳಿದಿರುವಾಗ ಕಿಡಿ ಹಾರಬೇಕು. ಅದನ್ನು ಅಳೆಯಲು ಕಂಪನಿಯ ಗೇಜು ಬೇರೆ ಇದೆ. ಚಾಚಾ ಹತ್ತಿರ ಇರುವುದು ಒಂದು ಸೈಕಲ್ ಸ್ಪೋಕು, ಅದರ ಮೇಲೆ ಅರದಿಂದ ಮಾಡಿದ ಎರಡು ಗೀರು. ಪ್ಲಗ್ ತೂತಿನಲ್ಲಿ ಇಳಿಸಿ, ಪಾಯಿಂಟ್ ನಡುವೆ ಸಿಗರೇಟಿನ ತೆಳು ಕಾಗದ ಇಟ್ಟು ಎಳೆಯುತ್ತಾರೆ. ಕಾಗದ ಸಡಿಲಾದ ಕ್ಷಣವೇ ಕಿಡಿಯ ಕ್ಷಣ. ಆ ಸ್ಪೋಕನ್ನು ಅವರಿಗೆ ಕೊಟ್ಟದ್ದು ಅವರ ಉಸ್ತಾದ್. ಗೀರುಗಳ ಅಂತರವನ್ನು ನಾನು ವರ್ನಿಯರ್‌ನಲ್ಲಿ ಅಳೆದೆ, 3.2 ಮಿ.ಮೀ. ಬಂತು. ನನ್ನ ಮಾರ್ಗದರ್ಶಕರು ಕೇಳುವ 'ದಾಖಲೆ' ಇದೇ ಎಂದು ವಾದಿಸಿ ನೋಡಿದ್ದೇನೆ. ಅವರು ಅನುಬಂಧದಲ್ಲಿ ಹಾಕಿ ಎಂದರು.

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಆಯಿಲ್ ಬೆರೆಸುವ ತಾಪತ್ರಯವಿಲ್ಲ, ಮೈಲೇಜು ಹೆಚ್ಚು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. ಅಲ್ಲಿಂದ ಮುಂದೆ ಒಂದು ಗಾಡಿ ಬದುಕಲು ಇನ್ನೊಂದು ಗಾಡಿ ಸಾಯಬೇಕಾಯಿತು. ಸಿಗದ ಬುಷ್ಷನ್ನು ಲೇತಿನವರು ಕಡೆದುಕೊಟ್ಟರು. 2022ರ ಜನವರಿಯಲ್ಲಿ ಯೆಜ್ಡಿ ಹೆಸರು ಅಡ್ವೆಂಚರ್, ಸ್ಕ್ರ್ಯಾಂಬ್ಲರ್ ಎಂಬ ಮಾದರಿಗಳಲ್ಲಿ ಮರಳಿತು. ಇಂಥ ಗಾಡಿಗಳ ಜಾಹೀರಾತಿನ ಧೂಳಿನ ದಾರಿ ಥೇಟ್ ನಮ್ಮ ಔರಾದ ದಾರಿ, ಆಕಳೊಂದು ಕಡಿಮೆ.

ಚಾಚಾಗೆ ಈಗ ಕಿವಿ ಮಂದ. ಶಬ್ದ ಕೇಳಿಯೇ ಗಾಡಿ ಕೂಡಿಸುತ್ತಿದ್ದವರು ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಳ್ಳುತ್ತಾರೆ. ಕೊನೆಯ ಶಾಗಿರ್ದ್ ಪುಣೆಗೆ ಹೋಗಿದ್ದಾನೆ. ಹೋದ ತಿಂಗಳು ಅಪ್ಪನ ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಹೋದೆ. ಪಾಯಿಂಟ್ ನಾನೇ ಕೂಡಿಸಿದೆ. ಗೇರ್ ಲಿವರನ್ನು ಒಳಗೆ ಒತ್ತಿ ಹಿಂದಕ್ಕೆ ಮಡಚಿದರೆ ಅದೇ ಕಿಕ್ಕರ್. ನಾಲ್ಕನೇ ಒದೆತಕ್ಕೆ ಚಾಲೂ ಆಯಿತು. ಚಾಚಾ ಅಂಗೈಯನ್ನು ಸೈಲೆನ್ಸರಿನ ಬಾಯಿಗೆ ಹಿಡಿದು ಸ್ವಲ್ಪ ಹೊತ್ತು ನಿಂತರು.

"ನಡುನಡುವೆ ತಪ್ಪಿಸ್ಲತ್ತದೇನು, ಬೇಟಾ? ನೀ ಕೇಳಿ ಹೇಳು" ಅಂದರು.

ನಾನು ಕಿವಿಗೊಟ್ಟೆ. ಎಂಟಕ್ಕೋ ಒಂಬತ್ತಕ್ಕೋ ಒಂದು ಏಟು ತಪ್ಪುತ್ತಿತ್ತು.

"ಹೌದ್ರಿ ಚಾಚಾ, ತಪ್ಪಿಸ್ಲತ್ತದ" ಅಂದೆ.

ಅವರು ಗಾಡಿ ಬಂದ್ ಮಾಡಿ ಸ್ಪೋಕನ್ನು ನನ್ನ ಕೈಗೆ ಕೊಟ್ಟರು.